ಸೂಜಿ ಉಡಿ

ನನ್ನ ಸೋದರತ್ತೆ ಸಾವಕ್ಕ ಕೌದಿ ಹೊಲಿಯುವವಳು. ಹೊಲಿಯುತ್ತಿದ್ದವಳು ಎನ್ನಬೇಕು ಈಗ. ಮುಂಡರಗಿ ದಾಟಿ ತುಂಗಭದ್ರೆಯ ದಂಡೆಗೆ ಬಂದರೆ ಸಿಗುವ ಕೊರ್ಲಹಳ್ಳಿ ಅವಳ ಗಂಡನ ಊರು. ಹದಿನೇಳು ವರ್ಷಕ್ಕೆ ಬಾಳೆಹೊಸೂರಿನಿಂದ ಮದುವೆಯಾಗಿ ಅಲ್ಲಿಗೆ ಹೋದಾಗ ತವರಿನಿಂದ ಎರಡು ಕೌದಿ ಒಯ್ದಿದ್ದಳಂತೆ. ಎರಡೂ ಅವಳೇ ಹೊಲಿದವು. ಅವನ್ನು ನೋಡಿದ ಅವಳ ಅತ್ತೆ, ಸೊಸೆಗೆ ಅಡಿಗೆ ಬರುತ್ತದೋ ಇಲ್ಲವೋ ಎಂದು ಕೇಳುವುದನ್ನೇ ಮರೆತಳು ಎಂದು ನಮ್ಮಪ್ಪ ಹೇಳುತ್ತಿದ್ದರು.

ಹಳೆಯ ಸೀರೆ, ಧೋತರ, ಕುಬಸದ ತುಂಡು ಇವನ್ನೆಲ್ಲ ಒಂದರ ಮೇಲೊಂದು ಹಾಸಿ ದಾರದಿಂದ ಒಂದು ಮಾಡುವುದೇ ಕೌದಿ. ಕೇಳಲಿಕ್ಕೆ ಇಷ್ಟೇ. ಆದರೆ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಒಂದು ಬೆರಳಿನ ಅಂತರ ತಪ್ಪದಂತೆ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುವಂತೆ ಹೊಲಿಯುವುದು ಎಲ್ಲರಿಗೂ ಆಗುವುದಿಲ್ಲ. ಸಾವಕ್ಕ ಹಾಕುವ ಹೊಲಿಗೆಯ ಒಂದೊಂದು ಟಾಕಿಯೂ ಜೋಳದ ಕಾಳಿನಷ್ಟು ಉದ್ದ, ಎಲ್ಲವೂ ಒಂದೇ ಅಳತೆ. ಮುಂಡರಗಿಯಿಂದ, ಶಿರಹಟ್ಟಿಯಿಂದ ಜನ ಸೀರೆಯ ಗಂಟು ಹೊತ್ತುಕೊಂಡು ಅವಳ ಪಡಸಾಲೆಗೆ ಬರುತ್ತಿದ್ದರು.

ದೊಡ್ಡ ಕೌದಿಯನ್ನು ಒಬ್ಬರೇ ಹೊಲಿಯುವುದು ಕಷ್ಟ. ಸಾವಕ್ಕನ ಜೊತೆ ಕೂಡುತ್ತಿದ್ದವರು ಇಬ್ಬರು. ಒಬ್ಬಳು ಹಿಂದಿನ ಓಣಿಯ ಚನ್ನಮ್ಮ. ಮಾತು ಜಾಸ್ತಿ, ಕೈಯೂ ಅಷ್ಟೇ ಚುರುಕು. ಇನ್ನೊಬ್ಬಳು ಪಕ್ಕದ ಮನೆಯ ಮಂಜವ್ವ. ಸಾವಕ್ಕನಿಗಿಂತ ಹತ್ತು ವರ್ಷ ಸಣ್ಣವಳು. ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ ಮೂವರೂ ಮೂರು ಅಂಚು ಹಿಡಿದು ಕೂತರೆ ಎಂಟು ದಿನಕ್ಕೆ ಒಂದು ಕೌದಿ ಏಳುತ್ತಿತ್ತು.

ಮಂಜವ್ವನ ಗಂಡ ಲಾರಿಗೆ ಸಿಕ್ಕು ಸತ್ತಾಗ ಅವಳಿಗೆ ಮೂವತ್ತೊಂದು ವರ್ಷ. ಮಗಳು ಪ್ರಿಯಾಂಕಾಗೆ ಆರು. ಅದೇ ವರ್ಷ ಓಣಿಯಲ್ಲಿ ಒಂದು ತೊಟ್ಟಿಲ ಕಾರ್ಯವಾಯಿತು. ಹೆಂಗಸರನ್ನು ಸಾಲಾಗಿ ಕೂರಿಸಿ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದ ಕೈ ಮಂಜವ್ವನ ಮುಂದೆ ಬಂದಾಗ ನಿಲ್ಲದೆ ಪಕ್ಕದವಳ ಕಡೆ ಹೋಯಿತು. ಇದರಲ್ಲಿ ತಪ್ಪಿದೆ ಎಂದು ಅಲ್ಲಿ ಯಾರಿಗೂ ಅನಿಸಲಿಲ್ಲ. ಮಂಜವ್ವ ಕೂಡ ಮೊದಲೇ ಸೆರಗನ್ನು ಒಳಗೆ ಸೆಳೆದುಕೊಂಡು ನೆಲ ನೋಡುತ್ತ ಕೂತಿದ್ದಳು. ಸಾವಕ್ಕ ಮಾತ್ರ ಊಟ ಮಾಡದೆ ಎದ್ದು ಬಂದಳು.

ಒಂದು ವಾರದ ಮೇಲೆ, ಹಿಡಿದಿದ್ದ ಕೌದಿ ಮುಗಿದ ದಿನ, ಸಾವಕ್ಕ ಮಂಜವ್ವನಿಗೆ ಸೆರಗು ಒಡ್ಡು ಎಂದಳು. ಯಾಕೆಂದು ತಿಳಿಯದೆ ಅವಳು ಒಡ್ಡಿದಳು. ಸಾವಕ್ಕ ಅದರಲ್ಲಿ ಒಂದು ಸೂಜಿ ಪಾಕೀಟು, ಎರಡು ದಾರದ ಉಂಡೆ, ಒಂದು ಹಿಡಿ ಬಣ್ಣದ ಚೂರು, ಒಂದು ಬೆಲ್ಲದ ಹೆಂಟೆ ಹಾಕಿದಳು.

“ಇದು ಸೂಜಿ ಉಡಿ,” ಎಂದಳು. “ಇದಕ್ಕ ಅರಿಷಿಣ ಕುಂಕುಮ ಬ್ಯಾಡ, ಗಂಡನೂ ಬ್ಯಾಡ. ಕೈಯಾಗ ಸೂಜಿ ಇದ್ರ ಸಾಕು.”

ಮಂಜವ್ವ ಆ ಸೆರಗನ್ನು ಹಾಗೇ ಮುದುಡಿ ಹಿಡಿದುಕೊಂಡು ಬಹಳ ಹೊತ್ತು ಅತ್ತಳಂತೆ. ಮರುವರ್ಷ ಅವಳು ತಾನೂ ಸಾವಕ್ಕನಿಗೆ, ಚನ್ನಮ್ಮನಿಗೆ ಉಡಿ ತುಂಬಿದಳು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಅದು ತಪ್ಪಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಹೊಲಿಗೆ ನಿಲ್ಲಿಸಿ ಹೊಲಕ್ಕೆ ಹೋಗುವ ಮೊದಲು, ಒಂದು ಮಧ್ಯಾಹ್ನ ಮೂವರೂ ಒಬ್ಬರಿಗೊಬ್ಬರು ಏನಾದರೂ ಸಣ್ಣದನ್ನು ಕೊಡುತ್ತಿದ್ದರು.

ಕೊಡುವುದಕ್ಕೆ ಅವರದೇ ಒಂದು ಕಟ್ಟಳೆ ಇತ್ತು. ಸೂಜಿ ದಾರ ಬಿಟ್ಟು ಬೇರೇನನ್ನೂ ಅಂಗಡಿಯಿಂದ ತರುವಂತಿಲ್ಲ. ನಿನಗೇನು ಬೇಕು ಎಂದು ಕೇಳುವಂತಿಲ್ಲ. ಇಡೀ ಬೇಸಿಗೆ ಎದುರಿಗೆ ಕೂತವಳ ಕೈ, ಮುಖ ನೋಡುತ್ತ, ಅವಳಿಗೆ ಯಾವುದು ಕಡಿಮೆ ಬಿದ್ದಿದೆ ಎಂದು ತಾನೇ ತಿಳಿದುಕೊಳ್ಳಬೇಕು. ಮಂಜವ್ವ ದಾರವನ್ನು ತುಟಿಗೆ ಒರೆಸಿ ಒರೆಸಿ ತುಟಿ ಸೀಳಿಕೊಂಡ ವರ್ಷ ಸಾವಕ್ಕ ಜೇನುಹಟ್ಟಿಯ ಮೇಣ ಕಾಯಿಸಿ ಬಿಲ್ಲೆ ಮಾಡಿ ಕೊಟ್ಟಳು. ದಾರವನ್ನು ಅದರ ಮೇಲೆ ಎಳೆದರೆ ಗಂಟು ಬೀಳುವುದಿಲ್ಲ. ಸಾವಕ್ಕನ ನಡುಬೆರಳಿಗೆ ಸೂಜಿಯ ಹಿಂಬದಿ ಚುಚ್ಚಿ ತೂತು ಬಿದ್ದಾಗ ಮಂಜವ್ವ ಹಳೆಯ ಚಪ್ಪಲಿಯ ಮೆತ್ತನೆ ಚರ್ಮ ಕತ್ತರಿಸಿ ಬೆರಳಿಗೆ ಟೊಪ್ಪಿಗೆ ಹೊಲಿದುಕೊಟ್ಟಳು. ಮೊಣಕಾಲು ಹಿಡಿದ ಚನ್ನಮ್ಮನಿಗೆ ಚೂರು ತುಂಬಿದ ಸಣ್ಣ ದಿಂಬು ಬಂತು. ಚನ್ನಮ್ಮ ಚಹಾಪುಡಿಯ ಡಬ್ಬಿಯ ರಟ್ಟನ್ನು ನಾಲ್ಕು ಅಳತೆಗೆ ಚೌಕ ಕತ್ತರಿಸಿ, ತ್ಯಾಪಿಯ ಬಟ್ಟೆ ಕತ್ತರಿಸುವಾಗ ಇಟ್ಟುಕೊಳ್ಳಿರಿ ಎಂದು ಇಬ್ಬರಿಗೂ ಕೊಟ್ಟಿದ್ದಳು. ಒಂದು ವರ್ಷ ಮಂಜವ್ವ, ಸಾವಕ್ಕನಿಗೆ ಕೆಂಪು ಇಷ್ಟವೆಂದು, ಸಿಕ್ಕಲ್ಲೆಲ್ಲ ಕೆಂಪು ಚೂರು ಆರಿಸಿಟ್ಟು ಬರೀ ಕೆಂಪಿನದೇ ಗಂಟು ಕಟ್ಟಿದ್ದಳು. ಅದರಲ್ಲಿ ಬೆಟಗೇರಿ ಸೀರೆಯ ಅಂಚೂ ಇತ್ತು, ಯಾರದೋ ಶಾಲೆಯ ಬಾವುಟದ ತುಂಡೂ ಇತ್ತು. ನಾನು ಹುಡುಗಿಯಾಗಿದ್ದಾಗ ರಜೆಗೆ ಹೋದರೆ ಸಾವಕ್ಕ ಪೆಟ್ಟಿಗೆ ತೆಗೆದು ಇವನ್ನೆಲ್ಲ ತೋರಿಸುತ್ತಿದ್ದಳು. ಬಂಗಾರ ತೋರಿಸುವಾಗಲೂ ಅವಳ ಮುಖ ಅಷ್ಟು ಅರಳುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಕಣ್ಣು ಕೆಟ್ಟಿತು. ಕೆಟ್ಟಿದ್ದು ಅದಕ್ಕೂ ಮೊದಲೇ ಇರಬೇಕು, ಯಾರಿಗೂ ಹೇಳಿರಲಿಲ್ಲ. ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿಸಿಕೊಳ್ಳುತ್ತಿದ್ದಳು. ಬಲಕ್ಕೆ ಇಟ್ಟ ತಂಬಿಗೆ ಕಾಲಿಗೆ ಬಡಿದು ಉರುಳುತ್ತಿತ್ತು. ಇಲ್ಲಿ ಯಾರು ಇಟ್ಟರು ಎಂದು ಸೊಸೆ ಕಾವೇರಿಯ ಮೇಲೆ ಹರಿಹಾಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗ ದಾರದ ತುದಿ ಸೂಜಿಯ ಮುಂದೋ ಹಿಂದೋ ಗಾಳಿಯಲ್ಲಿ ಆಡುತ್ತಿತ್ತು. ಈಗಿನ ದಾರವೇ ಸರಿಯಿಲ್ಲ, ತುದಿ ಸಿಬಿರು ಸಿಬಿರು ಎನ್ನುತ್ತಿದ್ದಳು. ನನ್ನ ಮಾವ ಯಮನೂರಪ್ಪ ದಿನವಿಡೀ ಹೊಲದಲ್ಲಿರುವ ಮನುಷ್ಯ. ಅವನಿಗೆ ಇದೊಂದೂ ಕಾಣಲಿಲ್ಲ.

ಕಂಡಿದ್ದು ಮಂಜವ್ವನಿಗೆ. ಸಾವಕ್ಕನ ಸಾಲು ಅಂಚಿನಿಂದ ಜಾರಿ ಓರೆಯಾಗುವುದನ್ನು ಅವಳು ನೋಡಿದಳು. ಸಾವಕ್ಕ ಸಂಜೆ ನೀರು ಕಾಯಿಸಲಿಕ್ಕೆ ಎದ್ದು ಒಳಗೆ ಹೋದ ಮೇಲೆ ಆ ಸಾಲುಗಳನ್ನು ಸದ್ದಿಲ್ಲದೆ ಬಿಚ್ಚಿ, ಸಾವಕ್ಕನದೇ ಅಳತೆಯ ಟಾಕಿ ಹಾಕಿ, ಬೆಳಕಿರುವಾಗಲೇ ಮುಗಿಸಿ ಹೋಗುತ್ತಿದ್ದಳು. ಒಂದು ಇಡೀ ಬೇಸಿಗೆ ಹಾಗೆ ಮಾಡಿದಳು. ಚನ್ನಮ್ಮನಿಗೆ ಗೊತ್ತಿತ್ತು. ಮಾತಿನ ಮಲ್ಲಿಯಾದರೂ ಆಕೆಯೂ ಬಾಯಿ ಬಿಡಲಿಲ್ಲ.

ಆ ವರ್ಷದ ಉಡಿಯ ದಿನ ನಡೆದದ್ದನ್ನು ನನಗೆ ಹೇಳಿದವಳು ಚನ್ನಮ್ಮನೇ. ಮಂಜವ್ವ ಸಾವಕ್ಕನ ಸೆರಗಿನಲ್ಲಿ ಒಂದು ಸುರುಳಿ ಇಟ್ಟಳು. ದಪ್ಪ ಅರಿವೆಯ ಉದ್ದನೆಯ ಪಟ್ಟಿ. ಬಿಚ್ಚಿದರೆ ಅದಕ್ಕೆ ಸಾಲಾಗಿ ನಲವತ್ತು ಸೂಜಿ ಸಿಕ್ಕಿಸಿತ್ತು. ಪ್ರತಿ ಸೂಜಿಗೂ ದಾರ ಪೋಣಿಸಿ, ಮೇಣ ಸವರಿ, ತುದಿಗೆ ಗಂಟು ಹಾಕಿತ್ತು. ಸಾವಕ್ಕ ಪಟ್ಟಿಯ ಮೇಲೆ ಕೈಯಾಡಿಸಿದಳು. ಎರಡನೇ ಸಲ ಆಡಿಸಿದಾಗ ಅದು ಏನೆಂದು ತಿಳಿಯಿತು. ನಲವತ್ತು ಸೂಜಿ ಪೋಣಿಸಿ ಕೊಟ್ಟಿದ್ದಾಳೆ ಅಂದರೆ ತನ್ನ ಕೈಯಲ್ಲಿ ಒಂದೂ ಆಗುವುದಿಲ್ಲ ಎಂದು ಇವಳಿಗೆ ಗೊತ್ತು.

ಎಷ್ಟು ದಿನದಿಂದ ಗೊತ್ತು ಎಂದು ಸಾವಕ್ಕ ಕೇಳಿದಳು. ಮಂಜವ್ವ ಬಾಯಿ ತೆರೆಯುವ ಮೊದಲೇ ಚನ್ನಮ್ಮ, ಈ ಬೇಸಿಗೆ ಶುರುವಾದಾಗಿನಿಂದ ಎಂದಳು. ಸಾಲು ಬಿಚ್ಚಿ ಹೊಲಿಯುತ್ತಿದ್ದುದನ್ನೂ ಹೇಳಿಬಿಟ್ಟಳು. ಮಂಜವ್ವನ ಒಳ್ಳೆಯತನ ತಿಳಿಯಲಿ ಎಂದೇ ಹೇಳಿದ್ದು, ಬೇರೆ ಏನೂ ಮನಸ್ಸಿನಲ್ಲಿ ಇರಲಿಲ್ಲ ಎಂದು ನನ್ನ ಮುಂದೆ ಮೂರು ಸಲ ಅಂದಳು.

ಸಾವಕ್ಕ ಸುರುಳಿಯನ್ನು ಎತ್ತಿ ಮಂಜವ್ವನ ಮುಂದೆ ಇಟ್ಟಳು.

“ಗಂಡ ಇಲ್ಲದಾಕಿ ತುಂಬಿದ ಉಡಿ ನನಗ ಬ್ಯಾಡ.”

ಆಕೆ ದನಿ ಏರಿಸಲಿಲ್ಲವಂತೆ. ಕಡ್ಡಿ ಮುರಿದ ಹಾಗೆ ಅಂದಳಂತೆ. ಮಂಜವ್ವ ಸುರುಳಿಯನ್ನು ಅಲ್ಲೇ ಬಿಟ್ಟು, ತನ್ನ ಕತ್ತರಿ ತೆಗೆದುಕೊಂಡು ಮನೆಗೆ ಹೋದಳು. ನಡುವೆ ಇದ್ದದ್ದು ಒಂದು ಗೋಡೆ. ಆದರೆ ಆ ಮೇಲೆ ಅವಳು ಆ ಪಡಸಾಲೆ ಹತ್ತಲಿಲ್ಲ.

ನನಗೆ ಸುದ್ದಿ ಬಂದದ್ದು ಕಾವೇರಿಯಿಂದ. ನಾನು ಗದಗಿನಲ್ಲಿ ಹೈಸ್ಕೂಲು ಮಾಸ್ತರಿಕೆ ಮಾಡುತ್ತೇನೆ. ಅತ್ತೆ ಒಲೆಯ ಹತ್ತಿರ ಬಲಗೈ ಸುಟ್ಟುಕೊಂಡಿದ್ದಾರೆ, ಕಣ್ಣಿನ ಮಾತೆತ್ತಿದರೆ ಬೈಯುತ್ತಾರೆ, ನೀವಾದರೂ ಬರ್ರಿ ಎಂದು ಫೋನು ಮಾಡಿದಳು. ಹೋಗಿ, ಎರಡು ದಿನ ಇದ್ದು, ಹಟ ಹಿಡಿದು ಕರೆದುಕೊಂಡು ಬಂದೆ. ಗದಗಿನ ಕಣ್ಣಿನ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತೆವು. ಡಾಕ್ಟರು ಮಾತು ಸುತ್ತಿ ಬಳಸಲಿಲ್ಲ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ. ಬಲಗಣ್ಣು ಹೋಗಿದೆ. ಎಡಗಣ್ಣಿನಲ್ಲಿ ನಡುವೆ ಸ್ವಲ್ಪ ಉಳಿದಿದೆ. ಹೋದದ್ದು ಯಾವ ಆಪರೇಷನ್ನಿಗೂ ಬರುವುದಿಲ್ಲ. ಹನಿ ಹಾಕಿದರೆ ಇರುವುದು ಇನ್ನಷ್ಟು ದಿನ ಉಳಿಯಬಹುದು, ಖಾತ್ರಿಯಿಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಮಾತು ಬೇರೆ ಇತ್ತು ಎಂದರು.

ಅವಳು ತಲೆಯಾಡಿಸಿದಳು. ಅಳಲಿಲ್ಲ. ಮರುದಿನ ಊರಿಗೆ ಬಿಡಲು ಹೋಗುವಾಗ ಬಸ್ಸು ಡಂಬಳ ದಾಟಿದ ಮೇಲೆ ತಾನಾಗಿಯೇ ಮಾತು ತೆಗೆದಳು.

“ನನ್ನ ಕಣ್ಣಿನ ಸುದ್ದಿ ನನಗಿಂತ ಮೊದಲ ಆಕಿಗೆ ಗೊತ್ತಾತು ನೋಡ ಶೀತಲ್. ಅದನ್ನ ತಡಕೊಳ್ಳಾಕ ಆಗಲಿಲ್ಲ ನನಗ. ಎಲ್ಲಿ ತಾಗ್ತೈತಿ ಅಂತ ಗೊತ್ತಿತ್ತು, ಅಲ್ಲೇ ಚುಚ್ಚಿದ್ನಿ.”

ಹೋಗಿ ಹೇಳಿ ಬಾ, ಗೋಡೆಯಾಚೆ ಇದ್ದಾಳಲ್ಲ ಎಂದೆ. ಹೂಂ ಎಂದಳು. ಹೋಗಲಿಲ್ಲ. ಇವತ್ತು ನಾಳೆ ಎನ್ನುತ್ತ ಮಳೆಗಾಲ ಕಳೆಯಿತು. ದೀಪಾವಳಿಯ ಮುಂದೆ ಮಂಜವ್ವ ಮನೆಗೆ ಕೀಲಿ ಹಾಕಿ ಲಕ್ಷ್ಮೇಶ್ವರಕ್ಕೆ ಮಗಳ ಮನೆಗೆ ಹೋದಳು. ಪ್ರಿಯಾಂಕಾ ಬಾಣಂತಿ, ಕೂಸು ನೋಡಿಕೊಳ್ಳಲು ಹೋಗಿದ್ದಾಳೆ, ಬರುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಬರಲಿಲ್ಲ. ಚನ್ನಮ್ಮನ ಕೈಯಲ್ಲಿ ಸಾವಕ್ಕ ಎರಡು ಸಲ ಹೇಳಿ ಕಳಿಸಿದಳು. ನನಗೆ ಸಿಟ್ಟಿಲ್ಲ, ಹೊಲಿಗೆ ಬಿಟ್ಟಿದ್ದೇನೆ ಎಂದು ಎರಡು ಸಲವೂ ಅದೇ ಉತ್ತರ ಬಂತು.

ಸಾವಕ್ಕ ಆಗ ಮಂಜವ್ವನಿಗಾಗಿ ಒಂದು ಸಂಚಿ ಹೊಲಿಯಲು ಕೂತಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಡಲು ಮೂರು ಖಾನೆಯ ಸಣ್ಣ ಚೀಲ. ಮಂಜವ್ವ ಎಲೆ ಹಾಕುತ್ತಿದ್ದಳು, ಅವಳ ಸಂಚಿ ಹರಿದು ಪಿನ್ನು ಹಾಕಿಕೊಂಡಿದ್ದಳು ಎಂದು ಸಾವಕ್ಕನಿಗೆ ನೆನಪಿತ್ತು. ಕಣ್ಣು ಸರಿಯಿದ್ದಾಗ ಒಂದು ಮಧ್ಯಾಹ್ನದ ಕೆಲಸ ಅದು. ಈಗ ಮೂರು ತಿಂಗಳು ಹಿಡಿಯಿತು. ಎಡಗಣ್ಣಿನ ಹತ್ತಿರ ಅರಿವೆ ಹಿಡಿದು, ಬಿಸಿಲಿಗೆ ತಿರುಗಿ ಕೂತು, ಎಡಗೈ ಬೆರಳಿನಿಂದ ಹಿಂದಿನ ಟಾಕಿ ಮುಟ್ಟಿ ನೋಡುತ್ತ ಮುಂದಿನದು ಹಾಕುತ್ತಿದ್ದಳು. ಕಾವೇರಿ ಸಹಾಯ ಮಾಡುತ್ತೇನೆಂದರೆ ಬೇಡ, ಇದು ನಾನೇ ಮಾಡಬೇಕಾದದ್ದು ಎಂದಳು. ಬೆರಳ ತುದಿಯಲ್ಲಿ ಯಾವಾಗಲೂ ರಕ್ತದ ಚುಕ್ಕೆ.

ಹೋದ ವರ್ಷ ಏಪ್ರಿಲ್ ರಜೆಯಲ್ಲಿ ನಾನು ಅವಳನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದೆ. ಪ್ರಿಯಾಂಕಾಳ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಮಂಜವ್ವ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಿಗೆ ಬಂದಳು. ಬರ್ರಿ, ಒಳಗ ಬರ್ರಿ ಎಂದು ಕರೆದಳು. ಇಪ್ಪತ್ತು ವರ್ಷ ಯಕ್ಕಾ, ಬಾ ಎಂದು ಕರೆದವಳು. ಸಾವಕ್ಕ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಆ ಬರ್ರಿ ನನಗಿರಬಹುದೇ ಎಂದು ನಾನು ಯೋಚಿಸಿದೆ. ಅಲ್ಲ. ಅವಳಿಗೂ ಹಾಗೇ ಕರೆದದ್ದು.

ಚಾಪೆ ಹಾಸಿದಳು, ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಯಮನೂರಪ್ಪನ ಆರೋಗ್ಯ, ಸಾವಕ್ಕನ ಮಗ ಹೊನ್ನೇಶನ ಕೆಲಸ, ಕಾವೇರಿಯ ತವರು ಎಲ್ಲ ವಿಚಾರಿಸಿದಳು. ಕಣ್ಣಿನ ವಿಷಯ ಒಂದೇ ಕೇಳಲಿಲ್ಲ. ಕೊನೆಗೆ ಸಾವಕ್ಕನೇ ಆ ದಿನದ ಮಾತು ತೆಗೆದು, ನನ್ನ ನಾಲಿಗೆ ಬಿದ್ದು ಹೋಗಬೇಕಿತ್ತು ಎಂದಳು. ಮಂಜವ್ವ ಕೂಸನ್ನು ಕೆಳಗೆ ಬಿಟ್ಟಳು.

“ಊರವರು ಅಂದಿದ್ರ ನಾ ಅವತ್ತ ಮರೀತಿದ್ನಿ. ನೀವು ಮೊದಲನೇ ಸಲ ಉಡಿ ತುಂಬಿದ್ರಲ್ಲ, ಅವತ್ತಿಂದ ಊರವರ ಮಾತು ಕಿವಿಗೆ ಹಾಕ್ಕೊಳ್ಳೋದ ಬಿಟ್ಟಿದ್ನಿ. ನಿಮ್ಮ ಬಾಯಿಂದನ ಬಂದ ಮ್ಯಾಲ ನನಗ ನಿಲ್ಲಾಕ ಜಾಗ ಉಳೀಲಿಲ್ಲ.”

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಸಂತೆಯ ರೇಟು ಹೇಳುವ ಹಾಗೆ ಹೇಳಿದಳು. ಸಾವಕ್ಕ ಸಂಚಿಯನ್ನು ತೆಗೆದು ನೆಲದ ಮೇಲೆ ಮುಂದಕ್ಕೆ ಸರಿಸಿದಳು. ಸೆರಗು ಒಡ್ಡು ಎಂದು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಮಂಜವ್ವ ಅದನ್ನು ಎತ್ತಿ ತಿರುಗಿಸಿ ನೋಡಿದಳು. ಹಸಿರು ಖಣ, ಕೆಂಪು ಅಂಚು. ಸಾಲುಗಳು ಸೊಟ್ಟ ಸೊಟ್ಟ. ಒಂದೊಂದು ಖಾನೆಗೂ ಬೆರಳು ಹಾಕಿ ನೋಡಿದಳು. ಮೂರನೆಯದರಲ್ಲಿ ಬೆರಳು ಒಳಗೆ ಹೋಗಲಿಲ್ಲ. ಬಾಯಿಯೇ ಹೊಲಿದು ಮುಚ್ಚಿಹೋಗಿತ್ತು. ಎರಡು ಸಲ ಪ್ರಯತ್ನಿಸಿ ಕೈ ತೆಗೆದಳು.

ಹೇಗಾಗಿದೆ ಎಂದು ಸಾವಕ್ಕ ಕೇಳಿದಳು.

“ಚೊಲೋ ಆಗೇತ್ರಿ,” ಎಂದಳು ಮಂಜವ್ವ. ಎದ್ದು ಹೋಗಿ ಒಳಗಿನ ಕಪಾಟಿನಲ್ಲಿ ಇಟ್ಟು ಬಂದಳು.

ಹೊರಡುವಾಗ ಕುಂಕುಮ ಕೊಡಲು ಮಗಳನ್ನು ಕರೆದಳು. ತಾನು ಬಾಗಿಲಿನ ಒಳಗೇ ನಿಂತಳು. ಓಣಿಯ ತಿರುವಿನವರೆಗೆ ಪ್ರಿಯಾಂಕಾ ಕೈ ಹಿಡಿದು ಬಿಟ್ಟು ಹೋದಳು.

ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಶಿರಹಟ್ಟಿಯ ಬಸ್ಸು ಬಂದು ಹೋಯಿತು, ಸಾವಕ್ಕ ಏಳಲಿಲ್ಲ. ಇನ್ನೊಂದಕ್ಕೆ ಹೋದರಾಯಿತು ಎಂದಳು. ಆಮೇಲೆ, ಮೂರನೇ ಖಾನೆ ಮುಚ್ಚಿ ಹೋಗಿದೆ ಎಂದು ತನಗೆ ಗೊತ್ತಿತ್ತು ಎಂದಳು. ಬರುವಾಗ ಬಸ್ಸಿನಲ್ಲಿ ಕೈ ಹಾಕಿ ನೋಡಿದಾಗ ತಿಳಿದಿತ್ತು. ಬಿಚ್ಚಲಿಕ್ಕೆ ಹತ್ತಿರ ಏನೂ ಇರಲಿಲ್ಲ.

“ಬೈತಾಳೇನಂತ ನೋಡಿದ್ನಿ,” ಎಂದಳು. “ಇದೇನ ಹೊಲದೀ ಯಕ್ಕಾ, ತಾ ಇಲ್ಲೆ ಅಂತ ಕಸಗೊಂಡು ಬಿಚ್ಚತಾಳೇನಂತ. ಚೊಲೋ ಆಗೇತ್ರಿ ಅಂದ್ಲು.”

ಸಾವಕ್ಕನ ಕಣ್ಣು ಹೋಗಿದೆ, ವಯಸ್ಸಾಗಿದೆ, ಮಂಜವ್ವ ಇಷ್ಟಾದರೂ ಕರಗಬೇಕಿತ್ತು ಎಂದು ಒಮ್ಮೆ ಅನಿಸುತ್ತದೆ. ಮಂಜವ್ವನ ಜಾಗದಲ್ಲಿ ಕೂತು ನೋಡಿದರೆ ಹಾಗೆ ಅನಿಸುವುದಿಲ್ಲ. ಅವಳು ಕೆಟ್ಟದ್ದೇನೂ ಮಾಡಲಿಲ್ಲ. ನೆಂಟರಿಗೆ ಮಾಡುವ ಮರ್ಯಾದೆಯನ್ನೆಲ್ಲ ಮಾಡಿದಳು.

ಆ ಮಳೆಗಾಲದಲ್ಲಿ ಸಾವಕ್ಕ ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಉರಿಯುತ್ತದೆ ಎಂದಳು. ಕಾವೇರಿ ಹಾಕಲು ಹೋದರೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಡಾಕ್ಟರ ಹತ್ತಿರ ಎರಡನೇ ಸಲ ಕರೆದುಕೊಂಡು ಬಂದಾಗ ಎಡಗಣ್ಣಿನಲ್ಲಿ ಬೆಳಕು, ಕತ್ತಲೆ ಇಷ್ಟೇ ಉಳಿದಿತ್ತು. ಅವರು ನನ್ನನ್ನು ಗದರಿಸಿದರು. ಸಾವಕ್ಕ, ಊರಿಗೆ ಯಾವಾಗ ಹೋಗುವುದು ಎಂದಷ್ಟೇ ಕೇಳಿದಳು.

ಚನ್ನಮ್ಮ ಒಬ್ಬಳೇ ಒಂದು ಕೌದಿ ಹಿಡಿದು, ಅರ್ಧಕ್ಕೆ ಬಿಟ್ಟು, ಸೀರೆಗಳನ್ನು ಕೊಟ್ಟವರಿಗೆ ವಾಪಸು ಮಾಡಿದಳು. ಮುಂಡರಗಿಯಲ್ಲಿ ಯಂತ್ರದ ಕೌದಿ ಮೂರೇ ದಿನಕ್ಕೆ ಹೊಲಿದುಕೊಡುತ್ತಾರೆ, ಜನ ಅಲ್ಲಿಗೆ ಹೋಗುತ್ತಾರೆ. ಮಂಜವ್ವನ ಮನೆಯನ್ನು ಈರುಳ್ಳಿ ತುಂಬಿಡಲು ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾರೆ. ಗೋಡೆಯಾಚೆಯಿಂದ ಅದರ ಘಾಟು ಬರುತ್ತದೆ.

ತಿಂಗಳಿಗೊಮ್ಮೆ ನಾನು ಹೋಗುತ್ತೇನೆ. ಸಾವಕ್ಕ ಹೊರಗೆ ಕೂತಿರುತ್ತಾಳೆ. ಹೆಜ್ಜೆಯ ಸಪ್ಪಳದಿಂದಲೇ ನಾನೆಂದು ಗುರುತಿಸುತ್ತಾಳೆ. ಶಾಲೆಯ ಸುದ್ದಿ ಕೇಳುತ್ತಾಳೆ, ಮಕ್ಕಳ ಪರೀಕ್ಷೆ ಯಾವಾಗ ಎನ್ನುತ್ತಾಳೆ. ಲಕ್ಷ್ಮೇಶ್ವರದ ಹೆಸರು ಅವಳು ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ. ಊಟ ಮಾಡುವಾಗ ಕಾವೇರಿ ತಾಟಿನಲ್ಲಿ ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಕೈ ಹಿಡಿದು ಮುಟ್ಟಿಸುತ್ತಾಳೆ. ಮೊದಮೊದಲು ಸಾವಕ್ಕ ಕೈ ಕೊಸರಿಕೊಳ್ಳುತ್ತಿದ್ದಳು. ಈಗ ಸುಮ್ಮನೆ ಕೊಡುತ್ತಾಳೆ.